ಯುಗಾದಿಗೆ ಹೈಕು: ಅಕ್ಷರ ಎಣಿಸಬೇಕಾ, ಮಾತ್ರೆ ಎಣಿಸಬೇಕಾ?

ಚೈತ್ರದ ಚಿಗುರು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಯುಗಾದಿ ಹೊತ್ತಿಗೆ ಗೋಡೆ ಪತ್ರಿಕೆಗೆ ಎಂಟನೇ ಕ್ಲಾಸಿನ ಮಕ್ಕಳಿಂದ ಹೈಕು, ಅಂದರೆ ಜಪಾನಿನ ಪುಟ್ಟ ಪದ್ಯ, ಬರೆಸಬೇಕು ಅಂತ ಆಸೆ. ವಿಷಯ ವಸಂತ. ನಾವು ಪಾಲಿಸುವ ನಿಯಮ ನಿಮಗೆಲ್ಲ ಗೊತ್ತಿರುವುದೇ: ಮೂರು ಸಾಲು, 5-7-5, ಒಟ್ಟು 17 ಅಕ್ಷರ. ದೀರ್ಘ ಇರಲಿ, ಒತ್ತು ಇರಲಿ, ಒಂದು ಅಕ್ಷರ ಅಂದರೆ ಒಂದೇ.

ಮಾದರಿಗೆ ಅಂತ ಇದನ್ನು ಬರೆದೆ:

ಎಲೆ ಉದುರಿ
ಚಿಗುರು ಒಡೆದಿದೆ
ಊರೆಲ್ಲಾ ಜಾತ್ರೆ

ಎಣಿಸಿ ನೋಡಿ, 5-7-5 ಸರಿಯಾಗಿದೆ. ಆದರೆ ಜೋರಾಗಿ ಓದಿದರೆ ಮೊದಲ ಎರಡು ಸಾಲು ಚುರುಕಾಗಿ ಹೋಗುತ್ತವೆ, ಕೊನೆಯದು ಎಳೆಯುತ್ತದೆ. ಚಿಕ್ಕದಾಗಿ ಮುಗಿಯಬೇಕಾದ ಸಾಲೇ ಎಲ್ಲಕ್ಕಿಂತ ಉದ್ದ ಅನ್ನಿಸುತ್ತದೆ. ಅಕ್ಷರದ ಲೆಕ್ಕ ಸರಿಯಿದ್ದೂ ಹೀಗೇಕೆ? ಮಕ್ಕಳು ಕೇಳಿದರೆ ಏನು ಹೇಳಲಿ?

ಲಘುಗುರು:

ಮೇಡಂ, ನಿಮ್ಮ ಕಿವಿ ಸರಿಯಾಗಿಯೇ ಹೇಳುತ್ತಿದೆ. ಒಂದು ಸಲ ಪ್ರಸ್ತಾರ ಹಾಕಿ, ಅಂದರೆ ಅಕ್ಷರ ಅಕ್ಷರಕ್ಕೂ ಲಘು-ಗುರು ಗುರುತಿಸಿ. ಮಾತ್ರೆ ಅಂದರೆ ಉಚ್ಚರಿಸುವ ಕಾಲದ ಅಳತೆ. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಎರಡು ಮಾತ್ರೆ.

‘ಎಲೆ ಉದುರಿ’: ಐದೂ ಲಘು. ಐದು ಮಾತ್ರೆ.
‘ಚಿಗುರು ಒಡೆದಿದೆ’: ಏಳೂ ಲಘು. ಏಳು ಮಾತ್ರೆ.
‘ಊರೆಲ್ಲಾ ಜಾತ್ರೆ’: ಊ ಗುರು. ರೆ ಹ್ರಸ್ವವೇ, ಆದರೆ ಮುಂದೆ ಒತ್ತಕ್ಷರ ಇದೆ, ಹಾಗಾಗಿ ಗುರು. ಲ್ಲಾ ಗುರು, ಜಾ ಗುರು. ತ್ರೆ ಮಾತ್ರ ಲಘು. ಒಟ್ಟು ಒಂಬತ್ತು ಮಾತ್ರೆ.

ಕಣ್ಣಿಗೆ ಅದು 5-7-5. ಬಾಯಿಗೆ 5-7-9. ಕೊನೆಯ ಸಾಲು ನಡುವಿನ ಸಾಲಿಗಿಂತ ಉದ್ದವಾಗಿದೆ, ಅಷ್ಟೇ ವಿಷಯ.

ಜಪಾನಿನವರ ಎಣಿಕೆ ಹೇಗೆ ಅಂತ ಇಲ್ಲಿ ಹೇಳಲೇಬೇಕು. ಅವರು ಎಣಿಸುವ ಘಟಕಕ್ಕೆ ‘ಒನ್’ ಅನ್ನುತ್ತಾರೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ದ್ವಿತ್ವ ಬಂದರೆ ಒಂದು ಹೆಚ್ಚು. ಕೊನೆಗೆ ‘ನ್’ ಬಂದರೆ ಅದಕ್ಕೂ ಒಂದು. ಹಾಗಾಗಿ ‘ಟೋಕ್ಯೋ’ ಅವರಿಗೆ ನಾಲ್ಕು, ‘ನಿಪ್ಪೊನ್’ ನಾಲ್ಕು, ‘ಹೈಕು’ ಮೂರು. ಈಗ ಇವೇ ಮೂರು ಪದಗಳಿಗೆ ನಮ್ಮ ಮಾತ್ರೆ ಹಾಕಿ. ಟೋ 2, ಕ್ಯೋ 2, ಒಟ್ಟು 4. ನಿ 2, ಪ್ಪೊನ್ 2, ಒಟ್ಟು 4. ಹೈ 2, ಕು 1, ಒಟ್ಟು 3. ಕರಾರುವಾಕ್ಕಾಗಿ ಹೊಂದುತ್ತದೆ. ಅಕ್ಷರ ಎಣಿಸಿದರೆ ಈ ಮೂರೂ ಪದಕ್ಕೆ ಎರಡೆರಡೇ ಸಿಗುತ್ತವೆ.

ಹೈಕುವಿನ ಉಸಿರು ನಮಗೆ ಬೇಕು ಅಂದರೆ ಮಾತ್ರೆಯನ್ನೇ ಎಣಿಸಬೇಕು. ಇದು ನನ್ನ ಖಚಿತ ಅಭಿಪ್ರಾಯ. ಹೈಸ್ಕೂಲಿನಲ್ಲಿ ಲಘು-ಗುರು ಹೇಗೂ ವ್ಯಾಕರಣದ ಪಾಠದಲ್ಲಿ ಬರುತ್ತದೆ. ಪರೀಕ್ಷೆಗೆ ಮಾತ್ರ ಪ್ರಸ್ತಾರ ಹಾಕಿ ಮರೆತುಬಿಡುವ ಮಕ್ಕಳಿಗೆ ಅದನ್ನು ಕೈಗೆ ಕೊಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ನಿಮ್ಮ ಕೊನೆಯ ಸಾಲನ್ನು ‘ತೇರ ದಿನ’ ಅಂತ ಮಾಡಿ ಓದಿ. ತೇ 2, ರ 1, ದಿ 1, ನ 1. ಐದೇ ಮಾತ್ರೆ. ಚೈತ್ರದಲ್ಲಿ ಊರೂರಲ್ಲಿ ತೇರು ಎಳೆಯುತ್ತಾರೆ, ಹಾಗಾಗಿ ಅರ್ಥವೂ ಕೆಡುವುದಿಲ್ಲ.

ಚೈತ್ರದ ಚಿಗುರು:

ಎಲೆ ಉದುರಿ / ಚಿಗುರು ಒಡೆದಿದೆ / ತೇರ ದಿನ. ಓದಿದ ತಕ್ಷಣ ವ್ಯತ್ಯಾಸ ಗೊತ್ತಾಯಿತು ಮೇಷ್ಟ್ರೇ. ಆದರೆ 17 ಮಾತ್ರೆ ಅಂದರೆ ತೀರಾ ಕಡಿಮೆ ಅಲ್ವಾ? ಕನ್ನಡದಲ್ಲಿ ವಿಭಕ್ತಿ ಸೇರಿಸಿದರೇ ಪದ ಉದ್ದವಾಗುತ್ತದೆ. ‘ಮರದ ಕೆಳಗೆ’ ಅಂದರೇ ಆರು ಹೋಯಿತು. ಮಕ್ಕಳಿಗೆ ಕಷ್ಟ ಆಗುವುದಿಲ್ಲವೇ?

ಸುಮ್ನೆ ಓದುಗ:

ಇಲ್ಲಿ ಒಂದು ಮಾತು. ಅಕ್ಷರವೋ ಮಾತ್ರೆಯೋ ಅಂತ ಎಣಿಸುವುದರಲ್ಲೇ ಮುಳುಗಿದರೆ ಹೈಕು ಕೈತಪ್ಪುತ್ತದೆ. ಹೈಕುವಿಗೆ ಪ್ರಾಣ ಎರಡು ಕಡೆ ಇದೆ. ಒಂದು, ಋತುವನ್ನು ಹೇಳುವ ಪದ. ಇನ್ನೊಂದು, ಎರಡು ಚಿತ್ರಗಳ ನಡುವಿನ ಕಡಿತ. ಜಪಾನಿನ ಕವಿ ಬಾಶೋ ಅವರ ಹಳೆಯ ಕೊಳದ ಕಪ್ಪೆ ಎಲ್ಲರಿಗೂ ಗೊತ್ತು, 1686ರದ್ದು: ಹಳೆಯ ಕೊಳ, ಕಪ್ಪೆ ಜಿಗಿಯುತ್ತದೆ, ನೀರಿನ ಸದ್ದು. ಅದರಲ್ಲಿ ವಸಂತ ಅನ್ನುವ ಮಾತೇ ಇಲ್ಲ. ಆದರೂ ಅದು ವಸಂತದ ಹೈಕು. ಯಾಕೆಂದರೆ ಅಲ್ಲಿ ಕಪ್ಪೆ ಅಂದರೆ ವಸಂತ. ಮೊದಲ ಐದರ ಕೊನೆಯಲ್ಲೇ ‘ಯ’ ಅಂತ ಒಂದು ನಿಲುಗಡೆ ಬರುತ್ತದೆ. ಕೊಳ ಒಂದು ಕಡೆ, ಕಪ್ಪೆಯ ಜಿಗಿತ ಇನ್ನೊಂದು ಕಡೆ. ನಡುವಿನ ಜಾಗವನ್ನು ಓದುವವರೇ ದಾಟಬೇಕು.

ಮಕ್ಕಳು 17 ಸರಿಯಾಗಿ ಎಣಿಸಿ ‘ವಸಂತ ಬಂತು, ಸಂತಸ ತಂತು’ ಅಂತ ಬರೆದರೆ ಏನು ಸಿಕ್ಕಿತು? ಎಣಿಕೆಯನ್ನು ಸ್ವಲ್ಪ ಸಡಿಲ ಬಿಟ್ಟು, ಕಂಡದ್ದನ್ನು ಬರೆಯಿರಿ ಅಂತ ಹೇಳಿ.

ಲಘುಗುರು:

ಓದುಗರೇ, ಋತುಪದ ಮತ್ತು ಕಡಿತದ ಬಗ್ಗೆ ನೀವು ಹೇಳಿದ್ದು ಪೂರ್ತಿ ಒಪ್ಪಿಗೆ. ಎಣಿಕೆಯನ್ನು ಸಡಿಲ ಬಿಡಿ ಅನ್ನುವುದಕ್ಕೆ ಮಾತ್ರ ಒಪ್ಪುವುದಿಲ್ಲ. ‘ಸಂತಸ ತಂತು’ ಎಂಬ ಮಾತು ಬರುವುದು ಜಾಗ ಜಾಸ್ತಿ ಇದ್ದಾಗ. ಮಾತ್ರೆಯ ಲೆಕ್ಕ ಬಿಗಿಯಾಗಿದ್ದರೆ ಸಂತಸ, ಸೊಬಗು, ಸುಂದರ ಇವೆಲ್ಲ ಮೊದಲು ಬಿದ್ದುಹೋಗುತ್ತವೆ. ಉಳಿಯುವುದು ಕಂಡದ್ದು.

ಮೇಡಂ, ಕಡಿಮೆ ಅನ್ನಿಸುವುದು ಸಹಜ. ಹತ್ತೋ ಹನ್ನೆರಡೋ ಅಕ್ಷರ ಸಿಗುತ್ತವೆ ಅಷ್ಟೇ. ಆದರೆ ಐದು ಮತ್ತು ಏಳು ಕನ್ನಡದ ಕಿವಿಗೆ ಹೊಸದೇನಲ್ಲ. ನಮ್ಮ ಆರು ಸಾಲಿನ ಪದ್ಯ ಷಟ್ಪದಿಯನ್ನೇ ನೋಡಿ. ವಾರ್ಧಕ ಷಟ್ಪದಿ ನಡೆಯುವುದೇ ಐದೈದು ಮಾತ್ರೆಯ ಗಣದಲ್ಲಿ, ಅಂದರೆ ಗುಂಪಿನಲ್ಲಿ. ಭಾಮಿನಿ ಷಟ್ಪದಿ ಮೂರು-ನಾಲ್ಕು, ಮೂರು-ನಾಲ್ಕು ಅಂತ ಏಳೇಳಾಗಿ ಹೋಗುತ್ತದೆ. ಸಂಗೀತ ಕಲಿಯುವ ಮಕ್ಕಳಿಗೆ ತಾಳದಲ್ಲಿ ಖಂಡ ಚಾಪು ಐದು, ಮಿಶ್ರ ಚಾಪು ಏಳು. ಏಳರ ಸಾಲನ್ನು 3+4 ಅಥವಾ 4+3 ಆಗಿ ಒಡೆಯಿರಿ. ‘ಚಿಗುರು’ ಮೂರು, ‘ಒಡೆದಿದೆ’ ನಾಲ್ಕು. ಚಪ್ಪಾಳೆ ತಟ್ಟಿ ಹೇಳಿಸಿ. ಮಕ್ಕಳು ಪ್ರಸ್ತಾರ ಹಾಕುವ ಮೊದಲೇ ತಪ್ಪು ಹಿಡಿಯುತ್ತಾರೆ.

ಕಾಫಿತೋಟ:

ಮೂಡಿಗೆರೆ ಕಡೆಯವನು. ಹೈಕು ಓದಿ ಗೊತ್ತು, ಬರೆದು ಅಭ್ಯಾಸ ಇಲ್ಲ. ಆದರೆ ವಸಂತ ಅಂದರೆ ನಮಗೆ ಏನು ಅಂತ ಹೇಳಲೇಬೇಕು ಅನ್ನಿಸಿತು.

ನಮಗೆ ಪಂಚಾಂಗದಲ್ಲಿ ವಸಂತ ಬರುವುದಿಲ್ಲ. ಹೂ ಮಳೆಗೆ ಬರುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಯಾವತ್ತಾದರೂ ಒಂದು ಮಧ್ಯಾಹ್ನ ಮೋಡ ಕಟ್ಟುತ್ತದೆ. ಕಾಫಿ ಗಿಡದ ಮೊಗ್ಗು ಅಲ್ಲಿಯವರೆಗೆ ಒಣಗಿದ ಹಾಗೆ ಕಾಯುತ್ತಾ ಇರುತ್ತದೆ. ಒಂದು ಇಂಚಿನಷ್ಟಾದರೂ ಮಳೆ ಬೀಳಬೇಕು. ಕಡಿಮೆ ಬಿದ್ದರೆ ಮೊಗ್ಗು ಅರ್ಧ ಬಿರಿದು ಅಲ್ಲಿಗೇ ನಿಲ್ಲುತ್ತದೆ. ಸರಿಯಾಗಿ ಬಿದ್ದರೆ ಎಂಟು-ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಬೆಳಿಗ್ಗೆ ಬಾಗಿಲು ತೆಗೆದರೆ ಮಲ್ಲಿಗೆಯಂಥ ವಾಸನೆ, ಜೇನಿನ ಸದ್ದು. ಎರಡು ಮೂರು ದಿನ, ಅಷ್ಟೇ. ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಮೂರು ದಿನದಲ್ಲಿ ಮತ್ತೆ ಮಳೆ ಬಂದರೆ ಕಾಯಿ ಕಚ್ಚುವುದಿಲ್ಲ ಅಂತ ಭಯ. ಅದಾದ ಮೇಲೆ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ನಿಲ್ಲಲು ಬೇಕಾದ ಎರಡನೇ ಮಳೆ, ಬರಲಿಲ್ಲ ಅಂತ ಇನ್ನೊಂದು ಭಯ. ರೊಬಸ್ಟಾ ಜಾತಿಯ ಕಾಫಿ ಬೆಳೆಯುವವರು ಮಳೆ ನಂಬಿ ಕೂರದೆ ಸ್ಪ್ರಿಂಕ್ಲರ್ ಹಾಕುತ್ತಾರೆ.

ಮೇಷ್ಟ್ರು ಹೇಳಿದ ಲೆಕ್ಕದಲ್ಲಿ ಒಂದು ಪ್ರಯತ್ನ:

ಒಂದು ಮಳೆ
ಎಂಟು ದಿನದಲಿ
ತೋಟ ಬಿಳಿ

ಸುಮ್ನೆ ಓದುಗ:

ಸರ್, ಇದು ಹೈಕು! ಹೂ ಅನ್ನುವ ಪದವೇ ಇಲ್ಲ, ವಾಸನೆ ಇಲ್ಲ, ಸಂತೋಷ ಇಲ್ಲ. ಮಳೆ ಮತ್ತು ಬಿಳಿಯ ನಡುವೆ ಎಂಟು ದಿನದ ಕಾಯುವಿಕೆ ಮಾತ್ರ. ತೋಟದವರು ಬಿಟ್ಟು ಬೇರೆಯವರು ಇದನ್ನು ಬರೆಯಲು ಆಗುವುದಿಲ್ಲ.

ಒಂದೇ ಒಂದು ಕಡೆ ಎಡವಿತು. ‘ದಿನದಲಿ’. ತೋಟದಲ್ಲಿ ನಿಂತು ಮಾತಾಡುವಾಗ ಯಾರೂ ‘ದಿನದಲಿ’ ಅನ್ನುವುದಿಲ್ಲ. ಲೆಕ್ಕಕ್ಕಾಗಿ ಒತ್ತು ಬಿಟ್ಟ ಹಾಗಿದೆ.

ಲಘುಗುರು:

ನಿಜ. ‘ದಿನದಲ್ಲಿ’ ಅಂದರೆ ಎಂಟು ಮಾತ್ರೆ ಆಗುತ್ತದೆ ಅಂತ ‘ದಿನದಲಿ’ ಬಂದಿದೆ. ಭಾವಗೀತೆಯಲ್ಲಿ ನಡೆಯುತ್ತದೆ. ಇಲ್ಲಿ ಆಡುಮಾತೇ ಬೇಕು. ತೋಟದವರೇ ಮೇಲೆ ಗದ್ಯದಲ್ಲಿ ಹೇಗೆ ಬರೆದಿದ್ದಾರೆ ನೋಡಿ: ‘ಎಂಟು-ಹತ್ತು ದಿನಕ್ಕೆ’. ಅದನ್ನೇ ಹಾಕಿ.

ಒಂದು ಮಳೆ
ಎಂಟು ದಿನಕ್ಕೆ
ತೋಟ ಬಿಳಿ

ಎಂ 2, ಟು 1, ದಿ 1, ನ 2, ಕ್ಕೆ 1. ಏಳೇ! ಅಕ್ಷರ ಎಣಿಸಿದ್ದರೆ ಏಳು ಐದಕ್ಕೆ ಇಳಿಯಿತು ಅಂತ ಇದನ್ನು ಹೊರಗಿಡುತ್ತಿದ್ದೆವು. ಮಾತ್ರೆಯ ಲೆಕ್ಕದಲ್ಲಿ ಬಾಯಿಮಾತು ಹಾಗೇ ಕೂತುಬಿಟ್ಟಿತು. ನಾನು ಮಾತ್ರೆಗೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿರುವುದು ಇದಕ್ಕೇ. ‘ದಿನಕ್ಕೆ’, ‘ಮನೇಲಿ’, ‘ಬಂತು’, ‘ಹೋಯ್ತು’ ಇಂಥ ನಿತ್ಯದ ಮಾತುಗಳಲ್ಲಿ ಒತ್ತು, ದೀರ್ಘ ತುಂಬಿವೆ. ಅವುಗಳ ತೂಕವನ್ನು ಮಾತ್ರೆ ಗೌರವಿಸುತ್ತದೆ.

ಕಾಫಿತೋಟ:

‘ದಿನಕ್ಕೆ’ಯೇ ಸರಿ ಸರ್. ನಮ್ಮ ಬಾಯಲ್ಲಿ ಬರುವುದೂ ಅದೇ.

ರಾಗಿಮುದ್ದೆ:

ಬೆಂಗಳೂರಿಂದ. ನಂದೊಂದು ಪ್ರಶ್ನೆ. ಅಕ್ಷರ ಎಣಿಸುವ ಪದ್ಧತಿ ನಮ್ಮಲ್ಲೂ ಇದೆ ಅಲ್ವಾ? ಹಳಗನ್ನಡದ ವೃತ್ತಗಳಲ್ಲಿ ಸಾಲಿಗೆ ಇಷ್ಟೇ ಅಕ್ಷರ, ಉತ್ಪಲಮಾಲೆಗೆ 20, ಚಂಪಕಮಾಲೆಗೆ 21 ಅಂತ ಓದಿದ್ದು ನೆನಪು. ಹಾಗಿದ್ದ ಮೇಲೆ ಅಕ್ಷರದ ಹೈಕು ತಪ್ಪು ಹೇಗೆ?

ಲಘುಗುರು:

ಒಳ್ಳೆಯ ಪ್ರಶ್ನೆ. ವಸಂತದ ಮಾತೇ ಬಂದಿರುವುದರಿಂದ ವಸಂತತಿಲಕವನ್ನೇ ತೆಗೆದುಕೊಳ್ಳೋಣ. ಅದು ಅಕ್ಷರವೃತ್ತ, ಸಾಲಿಗೆ 14 ಅಕ್ಷರ. ಬೆಳಿಗ್ಗೆ ವೆಂಕಟೇಶ ಸುಪ್ರಭಾತ ಕೇಳುವ ಎಲ್ಲರ ಕಿವಿಯಲ್ಲೂ ಅದರ ನಡೆ ಇದೆ, ಅದರ ಹೆಚ್ಚಿನ ಶ್ಲೋಕಗಳು ಈ ವೃತ್ತದಲ್ಲೇ ಇವೆ. ಆದರೆ ಬರೀ 14 ಅಕ್ಷರ ಇದ್ದರೆ ವಸಂತತಿಲಕ ಆಗುವುದಿಲ್ಲ. ತ, ಭ, ಜ, ಜ ಅಂತ ನಾಲ್ಕು ಗಣ, ಕೊನೆಗೆ ಎರಡು ಗುರು, ಇದೇ ಕ್ರಮದಲ್ಲಿ ಬರಬೇಕು. ಹೀಗೆ:

ಬಂತೀಗ ಚೈತ್ರವಿದೊ ಹೊಂಗೆಯ ಹೂವ ಹೊತ್ತು

‘ಬಂತೀಗ’ ಗುರು-ಗುರು-ಲಘು, ತ ಗಣ. ‘ಚೈತ್ರವಿ’ ಗುರು-ಲಘು-ಲಘು, ಭ ಗಣ. ‘ದೊ ಹೊಂಗೆ’ ಲಘು-ಗುರು-ಲಘು, ಜ. ‘ಯ ಹೂವ’ ಮತ್ತೆ ಜ. ಕೊನೆಗೆ ‘ಹೊತ್ತು’. ಸಾಲಿನ ಕೊನೆಯ ಅಕ್ಷರವನ್ನು ಗುರು ಅಂತ ಹಿಡಿಯುವುದು ವಾಡಿಕೆ. ಪ್ರತಿ ಸಾಲಿಗೂ ಏಳು ಗುರು, ಏಳು ಲಘು. ಅಂದರೆ ಯಾವ ಸಾಲು ಬರೆದರೂ 21 ಮಾತ್ರೆಯೇ.

ನಮ್ಮ ಹಿರಿಯರು ಅಕ್ಷರ ಎಣಿಸಿದರು, ಜೊತೆಗೆ ತೂಕವನ್ನೂ ಕಟ್ಟಿಹಾಕಿದರು. ಮಾತ್ರಾಗಣದಲ್ಲಿ ಅಕ್ಷರ ಸಡಿಲ ಬಿಟ್ಟರು, ಮಾತ್ರೆ ಕಟ್ಟಿದರು. ಕಂದ ಪದ್ಯದಲ್ಲಿ ಮೊದಲ ಸಾಲಿಗೆ 12 ಮಾತ್ರೆ, ಎರಡನೆಯದಕ್ಕೆ 20. ತೂಕ ನೋಡದೆ ಬರೀ ಅಕ್ಷರ ಎಣಿಸುವುದು ಈ ಎರಡರಲ್ಲಿ ಯಾವುದೂ ಅಲ್ಲ.

ಜಾನಪದ ಜೋಳಿಗೆ:

ಮೇಷ್ಟ್ರೇ, ಅಂಶಗಣವನ್ನು, ಅಂದರೆ ಹಾಡುವ ಎಳೆತಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಗಣವನ್ನು, ಮರೆತಿರಲ್ಲ! ಮೂರು ಸಾಲಿನ ಪದ್ಯಕ್ಕೆ ನಾವು ಜಪಾನಿನವರೆಗೆ ಹೋಗಬೇಕಾಗಿಯೇ ಇಲ್ಲ. ನಮ್ಮದೇ ಮೂರು ಸಾಲಿನ ತ್ರಿಪದಿ ಇದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಕ್ರಿ.ಶ. 700ರ ಆಸುಪಾಸಿನಲ್ಲೇ, ತ್ರಿಪದಿ ಕೆತ್ತಿದ್ದಾರೆ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಅದನ್ನು ಇವತ್ತಿನವರೆಗೆ ತಂದಿದ್ದಾರೆ. ಯಾರೂ ಬೆರಳು ಮಡಿಸಿ ಎಣಿಸಲಿಲ್ಲ. ರಾಗ ಎಲ್ಲಿ ಎಳೆಯುತ್ತದೋ ಅಲ್ಲಿ ಅಕ್ಷರ ಎಳೆಯಿತು. ಬರೆಹಕ್ಕೆ ಇಳಿಸಿದಾಗ ಕೆಲವು ಕಡೆ ಒಂದು ಮಾತ್ರೆ ಕಡಿಮೆ ಕಾಣಿಸುತ್ತದೆ. ಹಾಡಿದರೆ ಸರಿಹೋಗುತ್ತದೆ. ಹಾಗಾಗಿ ಕಾಗದದ ಮೇಲಿನ ಪ್ರಸ್ತಾರವೇ ಕೊನೆಯ ಮಾತು ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಮಾತ್ರೆಗೆ ಇಳಿಸಿ ಹೇಳುವುದಾದರೆ ಮೊದಲ ಸಾಲು ನಾಲ್ಕು ಐದರ ಗಣ. ಎರಡನೆಯದು 5-3-5-5. ಮೂರನೆಯದು 5-3-5. ಅಂದರೆ 20, 18, 13. ಎರಡು, ಮೂರನೇ ಸಾಲಿನ ಎರಡನೇ ಗಣ ಚಿಕ್ಕದಾಗುತ್ತದೆ ನೋಡಿ, ಅಲ್ಲೇ ತ್ರಿಪದಿಯ ಬಳುಕು ಇರುವುದು. ಯುಗಾದಿಗೆ ಅಂತ ಇದು:

ಮಾವು ಚಿಗುರಿತು ನೋಡೆ ಬೇವು ಹೂವಾಯ್ತಲ್ಲ
ಶಾವಿಗೆಯ ಬಸಿದು ಹಾಲ್ಬೆಲ್ಲ ಕಲಸಿಟ್ಟು
ಜಾವಕ್ಕೆ ಬಂತು ಹೊಸವರುಷ

ಮಾವು, ಶಾವಿಗೆ, ಜಾವ, ಮೂರರಲ್ಲೂ ಎರಡನೇ ಅಕ್ಷರ ವ. ಆದಿಪ್ರಾಸ ಸಿಕ್ಕರೆ ಮಕ್ಕಳಿಗೆ ಬಾಯಿಪಾಠ ಸುಲಭ. ಮೇಡಂ, ಹೈಕು ಪಕ್ಕದಲ್ಲೇ ಒಂದು ತ್ರಿಪದಿಯನ್ನೂ ಬರೆಸಿ. ಒಂದು ಜಾಗ ಬಿಟ್ಟು ಹೇಳುತ್ತದೆ, ಇನ್ನೊಂದು ಜಾಗ ತುಂಬಿ ಹೇಳುತ್ತದೆ.

ಚೈತ್ರದ ಚಿಗುರು:

ಅಕ್ಕ, ‘ಶಾವಿಗೆಯ ಬಸಿದು’ ತುಂಬಾ ಹಿಡಿಸಿತು. ಖಂಡಿತ ಎರಡನ್ನೂ ಬರೆಸುತ್ತೇನೆ.

ಈಗ ಋತುಪದದ ಕಡೆ ಬರೋಣ. ಮಕ್ಕಳಿಗೆ ವಸಂತ ಅಂದರೆ ಥಟ್ಟಂತ ಬರುವುದು ಕೋಗಿಲೆ, ಮಾವಿನ ಚಿಗುರು, ಬೇವು-ಬೆಲ್ಲ. ಮೂವತ್ತು ಹಾಳೆಯಲ್ಲೂ ಇವೇ ಬರುತ್ತವೆ ಅಂತ ಗೊತ್ತು. ನಿಮ್ಮ ನಿಮ್ಮ ಊರಲ್ಲಿ ವಸಂತ ಯಾವುದರಿಂದ ಗೊತ್ತಾಗುತ್ತದೆ ಅಂತ ಹೇಳಿದರೆ ಅವರಿಗೆ ಓದಿ ಹೇಳುತ್ತೇನೆ.

ಬಿಸಿಲನಾಡು:

ಕಲಬುರಗಿ ಕಡೆಯಿಂದ ನಮಸ್ಕಾರ ರೀ. ಮೊದಲು ಒಂದು ಮಾತು. ಹಾಡಿನಲ್ಲಿ ಬರುವ ತಂಪಾದ ವಸಂತ ನಮ್ಮ ಕಡೆ ಇಲ್ಲ. ಯುಗಾದಿ ಹೊತ್ತಿಗೆ ಬಿಸಿಲು ಏರಿರುತ್ತದೆ. ಮಧ್ಯಾಹ್ನ ಹೊರಗೆ ಹೆಜ್ಜೆ ಇಡಲು ಆಗುವುದಿಲ್ಲ. ಅಂಥಾ ಬಿಸಿಲಲ್ಲೇ ಬೇವು ಹೂ ಬಿಡುತ್ತದೆ, ಗಿಡದ ಕೆಳಗೆಲ್ಲ ಸಣ್ಣ ಬಿಳಿ ಹೂ. ಹೊಲದ ಬದುವಿನಲ್ಲಿ ಮುತ್ತಲ ಗಿಡ. ನೀವು ಮುತ್ತುಗ ಅನ್ನುತ್ತೀರಿ. ಎಲೆಯೆಲ್ಲ ಉದುರಿ ಬರೀ ಹೂವೇ ಇರುತ್ತದೆ. ಹೋಳಿ ಹುಣ್ಣಿಮೆಗೆ ಅದನ್ನು ಕುದಿಸಿ ಬಣ್ಣ ಮಾಡುತ್ತಿದ್ದರು. ಬರೆದದ್ದು ಹೀಗಿದೆ:

ಎಲೆಯಿಲ್ಲ
ಮುತ್ತಲ ಗಿಡಕೆ
ಬೆಂಕಿ ಹೂ

ಸುಮ್ನೆ ಓದುಗ:

‘ಎಲೆಯಿಲ್ಲ’ ಅಂತ ಶುರು ಮಾಡಿದ್ದು ಚೆನ್ನಾಗಿದೆ ಸರ್. ಆದರೆ ‘ಬೆಂಕಿ ಹೂ’ ಅಂದಾಗ ನೀವು ಗಿಡ ಬಿಟ್ಟು ಹೋಲಿಕೆಗೆ ಹೋದಿರಿ. ಮುತ್ತುಗಕ್ಕೆ ಬೆಂಕಿ ಅಂತ ಎಷ್ಟು ಜನ ಬರೆದಿಲ್ಲ! ಆ ಗಿಡದ ಹತ್ತಿರ ನಿಂತರೆ ಬೇರೆ ಏನು ಕಾಣುತ್ತದೆ?

ಬಿಸಿಲನಾಡು:

ಹಕ್ಕಿ ಕಾಣುತ್ತವೆ ರೀ. ಹೂವಿನ ರಸ ಕುಡಿಯಲು ಗೊರವಂಕ ಹಿಂಡುಗಟ್ಟಿ ಬಂದು ಗದ್ದಲ ಎಬ್ಬಿಸುತ್ತವೆ.

ಎಲೆಯಿಲ್ಲ
ಮುತ್ತಲ ತುಂಬ
ಗೊರವಂಕ

ಲಘುಗುರು:

‘ಎಲೆಯಿಲ್ಲ’ 5. ‘ಮುತ್ತಲ ತುಂಬ’ 4+3. ‘ಗೊರವಂಕ’ 5. ಲೆಕ್ಕವೂ ಸರಿ, ಈಗ ಗಿಡವೂ ಜೀವಂತ. ಹೂವಿನ ಹೆಸರೆತ್ತದೆ ಹೂ ಕಾಣಿಸಿದಿರಿ.

ಒಂದು ಸಣ್ಣ ವಿಷಯ. ಮುತ್ತುಗ ಹೂ ಬಿಡುವುದು ಹೆಚ್ಚಾಗಿ ಮಾಘ-ಫಾಲ್ಗುಣದಲ್ಲಿ, ಪಂಚಾಂಗದ ಪ್ರಕಾರ ಅದಿನ್ನೂ ಶಿಶಿರ. ಚೈತ್ರ-ವೈಶಾಖ ವಸಂತ. ಗಿಡ ಪಂಚಾಂಗ ನೋಡುವುದಿಲ್ಲ, ಯುಗಾದಿಯೂ ಒಂದೇ ತಾರೀಖಿಗೆ ಬರುವುದಿಲ್ಲ. 2026ರಲ್ಲಿ ಮಾರ್ಚ್ 19ಕ್ಕೆ, 2027ರಲ್ಲಿ ಏಪ್ರಿಲ್ 7ಕ್ಕೆ. ನಡುವೆ ಅಧಿಕ ಮಾಸ ಬರುವುದರಿಂದ ಇಷ್ಟು ಅಂತರ. ಯುಗಾದಿ ಬೇಗ ಬಂದ ವರ್ಷ ಹೊಂಗೆ ಆಗಷ್ಟೇ ಹೊಸ ಎಲೆ ಹೊತ್ತಿರಬಹುದು, ತಡವಾದ ವರ್ಷ ಕೆಳಗೆಲ್ಲ ಹೂ ಚೆಲ್ಲಿರಬಹುದು. ಹಾಗಾಗಿ ಮಕ್ಕಳು ‘ಯುಗಾದಿ’ ಅಂತ ಬರೆದು ಪಕ್ಕದಲ್ಲಿ ಒಂದು ಹೂ ಇಡುವ ಮೊದಲು ಹೊರಗೆ ಹೋಗಿ ನೋಡಿ ಬರಲಿ.

ಕಡಲಮಗ:

ಕುಂದಾಪುರದಿಂದ. ಕರಾವಳಿಯಲ್ಲಿ ಗೇರು ಹಣ್ಣು, ಹಲಸಿನ ಗುಜ್ಜೆ, ಸುರಗಿ ಹೂವಿನ ವಾಸನೆ. ತುಳುನಾಡಿನಲ್ಲಿ ಹೊಸ ವರ್ಷ ಅಂದರೆ ಬಿಸು, ಏಪ್ರಿಲ್ ನಡುವೆ, ಸೌರಮಾನದ ಲೆಕ್ಕ. ಬೆಳಿಗ್ಗೆ ಎದ್ದು ಕಣಿ, ಅಂದರೆ ಹಣ್ಣು-ಹೂ ಜೋಡಿಸಿಟ್ಟ ಮಂಗಳದ ನೋಟ, ನೋಡುತ್ತಾರೆ. ‘ಬಿಸು ಕಣಿಗೆ’ ಅಂದರೆ ಐದು ಮಾತ್ರೆ, ಯಾರಿಗಾದರೂ ಮೊದಲ ಸಾಲಿಗೆ ಬೇಕಿದ್ದರೆ ತೆಗೆದುಕೊಳ್ಳಿ.

ಕಪ್ಪೆಯ ಮಾತು ಬಂತಲ್ಲ, ನಮ್ಮಲ್ಲಿ ಕಪ್ಪೆ ಕೂಗಿದರೆ ಅದು ಮುಂಗಾರು. ಅದನ್ನು ವಸಂತಕ್ಕೆ ಇಡಬೇಡಿ.

ಕಾಫಿತೋಟ:

ಮಳೆ ನಕ್ಷತ್ರಗಳನ್ನೂ ಪಟ್ಟಿಗೆ ಸೇರಿಸಿ. ರೇವತಿ, ಅಶ್ವಿನಿ, ಭರಣಿ, ಮೂರೂ ಈ ಕಾಲದ್ದೇ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತ ಗಾದೆಯೇ ಇದೆ. ‘ಭರಣಿ ಮಳೆ’ ಸರಿಯಾಗಿ ಐದು ಮಾತ್ರೆ.

ರಾಗಿಮುದ್ದೆ:

ಬೆಂಗಳೂರಿನವರಿಗೆ ಏನು ಕಾಣುತ್ತದೆ ಅಂದರೆ ಗುಲಾಬಿ ಬಣ್ಣದ ಟಬೆಬುಯಾ. ರಸ್ತೆ ಬದಿಯಲ್ಲಿ, ಕೆರೆ ದಂಡೆಯಲ್ಲಿ ಮರವೆಲ್ಲ ಗುಲಾಬಿ. ಎಲ್ಲರೂ ಫೋಟೊ ಹಾಕಿ ‘ನಮ್ಮೂರ ಚೆರ್ರಿ ಹೂ’ ಅನ್ನುತ್ತಾರೆ. ಆದರೆ ಅದು ಅಮೆರಿಕ ಖಂಡದ ಬೆಚ್ಚಗಿನ ಭಾಗದಿಂದ ತಂದು ನೆಟ್ಟ ಮರ. ಕನ್ನಡದ ಋತುಪದ ಆಗಬಹುದಾ?

ಸಿಗ್ನಲ್ಲು
ಹೆಲ್ಮೆಟ್ ಮೇಲೆ
ಒಂದು ಹೂ

ಸುಮ್ನೆ ಓದುಗ:

ಯಾಕಾಗಬಾರದು? ನಿಮ್ಮ ಹೆಲ್ಮೆಟ್ ಮೇಲೆ ಬಿದ್ದದ್ದು ಆ ಹೂವೇ. ದಿನಾ ಕಾಣುವ ಮರ ಪದ್ಯಕ್ಕೆ ಹೊರಗಿನದಾಗುವುದಿಲ್ಲ. ಅದನ್ನು ಚೆರ್ರಿ ಅಂತ ಮಾತ್ರ ಕರೆಯಬೇಡಿ. ಚೆರ್ರಿ ಅಲ್ಲಿಯವರ ನೂರಾರು ವರ್ಷದ ನೆನಪು ಹೊತ್ತ ಹೂ. ಟಬೆಬುಯಾಗೆ ಇಲ್ಲಿ ಈಗಷ್ಟೇ ನೆನಪು ಕೂಡಿಕೊಳ್ಳುತ್ತಿದೆ. ಅದರ ನೆನಪು ಅದಕ್ಕೇ ಇರಲಿ.

ಲಘುಗುರು:

ಮಕ್ಕಳಿಗೆ ತೋರಿಸಲು ಇದು ಒಳ್ಳೆಯ ಉದಾಹರಣೆ. ಇಂಗ್ಲಿಷ್ ಪದಗಳನ್ನು ಎಣಿಸುವುದು ಹೇಗೆ ಅಂತ ಕೇಳಿಯೇ ಕೇಳುತ್ತಾರೆ. ಸಿ 2, ಗ್ನ 2, ಲ್ಲು 1. ಹೆ 2, ಲ್ಮೆಟ್ 2, ಮೇ 2, ಲೆ 1. ಅರ್ಧಾಕ್ಷರ ತಾನಾಗಿ ನಿಲ್ಲುವುದಿಲ್ಲ, ಹಿಂದಿನ ಅಕ್ಷರವನ್ನು ಗುರು ಮಾಡಿ ಅದರಲ್ಲೇ ಸೇರುತ್ತದೆ. ಅಕ್ಷರ ಎಣಿಸುವವರು ‘ಟ್’ ಅನ್ನು ಒಂದು ಅಂತ ಹಿಡಿಯಬೇಕಾ ಬೇಡವಾ ಅಂತ ಜಗಳ ಆಡುತ್ತಾರೆ. ಇಲ್ಲಿ ಆ ಜಗಳವೇ ಇಲ್ಲ.

ದೂರದೇಶಿ:

ಮೆಲ್ಬರ್ನ್‌ನಿಂದ ಓದುತ್ತಿದ್ದೇನೆ. ನಮ್ಮ ಪಾಡು ಇನ್ನೊಂದು ಥರ. ಭೂಮಿಯ ಈ ಅರ್ಧದಲ್ಲಿ ಯುಗಾದಿ ಬರುವುದು ಶರತ್ಕಾಲಕ್ಕೆ. ಇಲ್ಲಿನ ವಸಂತ ಸೆಪ್ಟೆಂಬರ್‌ನಲ್ಲಿ. ಹಾಲ್‌ನಲ್ಲಿ ಎಲ್ಲರೂ ಸೇರಿ ಬೇವು-ಬೆಲ್ಲ ಹಂಚುತ್ತೇವೆ, ಚಿಗುರಿನ ಹಾಡು ಹೇಳುತ್ತೇವೆ, ಹೊರಗೆ ಬಂದರೆ ರಸ್ತೆ ಬದಿಯ ಮರಗಳು ಎಲೆ ಕಳಚುತ್ತಿರುತ್ತವೆ. ಇಲ್ಲಿ ಹುಟ್ಟಿದ ಮಕ್ಕಳು ‘ಯುಗಾದಿ ಅಂದರೆ ಎಲೆ ಬೀಳುವ ಹಬ್ಬ’ ಅಂದುಕೊಂಡಿದ್ದಾರೆ. ಅವರು ಹಾಗೆ ಬರೆದರೆ ತಿದ್ದಬೇಕಾ?

ಯುಗಾದಿಗೆ
ಇಲ್ಲಿ ಎಲೆಗಳು
ಉದುರ್ತಿವೆ

ಜಾನಪದ ಜೋಳಿಗೆ:

ತಿದ್ದಬೇಡಿ ತಂಗಿ. ಆ ಮಕ್ಕಳ ಯುಗಾದಿ ಅದೇ. ‘ಉದುರುತ್ತಿವೆ’ ಅನ್ನದೆ ‘ಉದುರ್ತಿವೆ’ ಅಂದಿರಿ, ಎದುರು ನಿಂತು ಹೇಳಿದಂತಿದೆ.

ಲಘುಗುರು:

ಉ 1, ದು 2, ರ್ತಿ 1, ವೆ 1. ಐದು. ಈ ಚರ್ಚೆಯಲ್ಲಿ ನನ್ನ ಮನಸ್ಸಿಗೆ ತುಂಬಾ ನಾಟಿದ್ದು ಇದು.

ಚೈತ್ರದ ಚಿಗುರು:

ನಿನ್ನೆ ಕ್ಲಾಸಿನಲ್ಲಿ ಮಾಡಿಸಿದೆ. ಮೊದಲು ಅರ್ಧ ಗಂಟೆ ಮೈದಾನಕ್ಕೆ ಬಿಟ್ಟೆ. ‘ವಸಂತ’, ‘ಸೊಬಗು’, ‘ಸಂತಸ’ ಮೂರು ಪದ ಬಳಸುವಂತಿಲ್ಲ ಅಂದೆ. ಆಮೇಲೆ ಕಾಫಿತೋಟದವರ ಮತ್ತು ಕಲಬುರಗಿಯವರ ಪದ್ಯ ಓದಿ ಹೇಳಿ, ಚಪ್ಪಾಳೆ ತಟ್ಟಿಸಿದೆ. ಮೇಷ್ಟ್ರು ಹೇಳಿದ್ದು ನಿಜ, ಏಳರ ಸಾಲು ಎಂಟಾದರೆ ಚಪ್ಪಾಳೆ ತಪ್ಪುತ್ತದೆ, ಮಕ್ಕಳೇ ‘ಮಿಸ್, ಒಂದು ಜಾಸ್ತಿ’ ಅಂತ ಕೂಗುತ್ತಾರೆ.

ಬೋರ್‌ವೆಲ್ಲಿಗೆ ಹೋಗಿ ನೀರು ತರುವ ಒಬ್ಬ ಹುಡುಗಿ ಬರೆದದ್ದು:

ಬೇವ ಹೂ
ಬಿಂದಿಗೆಯೊಳಗೆ
ಜೊತೆ ಬಂತು

ಇನ್ನೊಬ್ಬ ಹುಡುಗನದು:

ರಜೆ ಬಂತು
ಮಾವಿನ ಕಾಯ್ಗೆ
ಉಪ್ಪು ತಾ

ಎರಡನೆಯದರ ಬಗ್ಗೆ ಸ್ಟಾಫ್ ರೂಮಿನಲ್ಲಿ ಮಾತು ಬಂತು. ‘ಕಾಯ್ಗೆ’ ಅಂತ ಬರೆಯುವುದು ತಪ್ಪು, ‘ಕಾಯಿಗೆ’ ಅಂತ ತಿದ್ದಿ ಹಾಕಿ ಅಂದರು. ತಿದ್ದಿದರೆ ಎಂಟು ಮಾತ್ರೆ ಆಗುತ್ತದೆ. ಏನು ಮಾಡಲಿ?

ಸುಮ್ನೆ ಓದುಗ:

ಬಿಂದಿಗೆಯ ಪದ್ಯ ಬರೆದ ಮಗುವಿಗೆ ನನ್ನ ನಮಸ್ಕಾರ ತಿಳಿಸಿ. ಹೂವನ್ನು ಅವಳು ಹುಡುಕಿಕೊಂಡು ಹೋಗಲಿಲ್ಲ, ಅದು ತಾನಾಗಿ ಬಂತು.

ಲಘುಗುರು:

ತಿದ್ದಬೇಡಿ ಮೇಡಂ. ಕಾ 2, ಯ್ಗೆ 1. ‘ಮಾವಿನ’ ನಾಲ್ಕು, ‘ಕಾಯ್ಗೆ’ ಮೂರು, ಭಾಮಿನಿಯ ಗಣಗಳೇ ಹಿಂದುಮುಂದಾಗಿ ಕೂತಿವೆ. ‘ಹೋಯಿತು’ ‘ಹೋಯ್ತು’ ಆಗುವ ಹಾಗೆ ಇದೂ ಬಾಯಲ್ಲಿ ನಡೆಯುವ ರೂಪ, ಪದ್ಯಕ್ಕೆ ಸಲ್ಲುತ್ತದೆ. ಸ್ಟಾಫ್ ರೂಮಿನವರಿಗೆ ಎರಡು ರೀತಿಯಲ್ಲೂ ಜೋರಾಗಿ ಓದಿ ತೋರಿಸಿ. ‘ಉಪ್ಪು ತಾ’ ಅಂತ ಬಾಯಲ್ಲಿ ನೀರೂರಿಸುವ ಹುಡುಗ ‘ಕಾಯಿಗೆ’ ಅನ್ನುವುದಿಲ್ಲ. ಗೋಡೆ ಪತ್ರಿಕೆಯಲ್ಲಿ ಎರಡನ್ನೂ ಮೇಲ್ಗಡೆ ಹಾಕಿ, ಹೆಸರು ದೊಡ್ಡದಾಗಿ ಬರೆಯಿರಿ.